ಡಿಪಿ ಎಲ್ಲಿಂದ ತರಬೇಕು? ಮೊಬೈಲ್ ಆ್ಯಪ್ ಕಟ್ಟುವವರಿಗೆ ಒಂದು ಹೋಲಿಕೆ

ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಭತ್ತ ಕೊಯ್ಲಿಗೆ ಬಂತೆಂದರೆ ಎಲ್ಲರಿಗೂ ಒಂದೇ ವಾರದಲ್ಲಿ ಮಷಿನ್ ಬೇಕು. ಮಷಿನ್ ಇರುವವರನ್ನೂ ಗದ್ದೆ ಇರುವವರನ್ನೂ ಜೋಡಿಸುವ ಸಣ್ಣ ಆ್ಯಪ್ ಒಂದನ್ನು ಕೊಪ್ಪಳದಲ್ಲಿ ಕೂತು ಕಟ್ಟಲು ಹೊರಟಾಗ ನನಗೆ ಬಂದ ಮೊದಲ ಬೇಡಿಕೆ ದರದ ಬಗ್ಗೆ ಇರಲಿಲ್ಲ. "ಮಷಿನ್ ತರಾವ ಯಾರಂತ ಮುಖ ಕಾಣಬೇಕ್ರಿ. ಮುಖಪರಿಚಯ ಇಲ್ದವ್ರನ್ನ ಗದ್ದಿಗೆ ಹೆಂಗ ಇಳಸೋದು?" ಎಂದರು ಒಬ್ಬ ಹಿರಿಯ ರೈತರು. ಅಲ್ಲಿಂದ ಶುರುವಾಯಿತು ಡಿಪಿಯ, ಅಂದರೆ ಹೆಸರಿನ ಪಕ್ಕದ ಪ್ರೊಫೈಲ್ ಚಿತ್ರದ ಕೆಲಸ. ಅರ್ಧ ದಿನದಲ್ಲಿ ಮುಗಿಯಬಹುದು ಅಂದುಕೊಂಡಿದ್ದೆ. ಎರಡು ಕೊಯ್ಲು ಕಳೆಯುವವರೆಗೂ ಅದನ್ನು ತಿದ್ದುತ್ತಲೇ ಇದ್ದೆ. ಯಾವ ದಾರಿ ಯಾರಿಗೆ ಸರಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಕೋಡ್ ಬರೆಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ನಿಮ್ಮ ಆ್ಯಪ್‌ನಲ್ಲಿ ಡಿಪಿ ಗುರುತಿಗೋ, ಅಲಂಕಾರಕ್ಕೋ? ಹರಟೆಯ ಗುಂಪಿನಲ್ಲಿ ಹೆಸರಿನ ಪಕ್ಕ ಒಂದು ಚಂದದ ವೃತ್ತ ಇದ್ದರೆ ಸಾಕು. ಗದ್ದೆಗೆ ಬಂದು ನಿಂತವನೇ ಆ್ಯಪ್‌ನಲ್ಲಿ ಕಂಡವನು ಎಂದು ರೈತ ಖಾತ್ರಿ ಮಾಡಿಕೊಳ್ಳಬೇಕಾದರೆ ಅಲ್ಲಿ ನಿಜವಾದ ಮುಖವೇ ಇರಬೇಕು. ಸಾಮಾಜಿಕ ಜಾಲತಾಣಗಳಲ್ಲಿ ನಮ್ಮ ಜನ ಮುಖವನ್ನೇ ಹಾಕುತ್ತಾರೆ ಅನ್ನುವ ಹಾಗಿಲ್ಲ. ಅಂಜನಾದ್ರಿಯ ಹನುಮಪ್ಪ ಇರುತ್ತಾನೆ, ಹುಲಿಗೆಮ್ಮ ಇರುತ್ತಾಳೆ, ಗವಿಮಠದ ತೇರು ಇರುತ್ತದೆ, ಅಪ್ಪು ನಗುತ್ತಿರುತ್ತಾರೆ, ಮೊಮ್ಮಗಳು ತೊಟ್ಟಿಲಲ್ಲಿ ಮಲಗಿರುತ್ತಾಳೆ. ಇವೆಲ್ಲ ಅವರ ಪ್ರೀತಿಯ ಚಿತ್ರಗಳು, ಆದರೆ ಗುರುತಿಗೆ ಒದಗುವುದಿಲ್ಲ. ಹಾಗಾಗಿ ಗುರುತು ಬೇಕಾದ ಆ್ಯಪ್‌ಗೆ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬಳಕೆದಾರರೇ ಹಾಕುವ ಫೋಟೋ ಮೊದಲು, ಗೂಗಲ್‌ನಿಂದ ಬಂದದ್ದು ಸಲಹೆಯಾಗಿ ಮಾತ್ರ, ಎರಡೂ ಇಲ್ಲದಿದ್ದರೆ ಹೆಸರಿನ ಅಕ್ಷರ. ಅಲಂಕಾರ ಸಾಕು ಅನ್ನುವವರಿಗೆ ಲಾಗಿನ್ ಆದ ಜಾಲತಾಣದ ಡಿಪಿಯೇ ಸುಲಭ.

ವಾಟ್ಸಾಪ್‌ನಿಂದ ತರಬಹುದಲ್ಲ?

ಎಲ್ಲರೂ ಮೊದಲು ಕೇಳುವುದು ಇದನ್ನೇ. "ವಾಟ್ಸಾಪ್ ಡಿಪಿ ಐತಲ್ರಿ, ಅದನ್ನ ತಗೊಳ್ರಿ." ಬಳಕೆದಾರರ ಕಡೆಯಿಂದ ನೋಡಿದರೆ ನ್ಯಾಯವಾದ ಮಾತು. ಇಲ್ಲಿ ಹೆಚ್ಚಿನವರು ದಿನವೂ ತೆರೆಯುವುದು ಅದನ್ನೇ. ಆದರೆ ಫೋನ್ ನಂಬರ್ ಕೊಟ್ಟು ಡಿಪಿ ಪಡೆಯುವ ಅಧಿಕೃತ ದಾರಿಯನ್ನು ವಾಟ್ಸಾಪ್ ಕೊಟ್ಟಿಲ್ಲ. ವ್ಯಾಪಾರಿಗಳಿಗಾಗಿ ಇರುವ ಬಿಸಿನೆಸ್ ಎಪಿಐನಲ್ಲಿಯೂ (ಎಪಿಐ ಅಂದರೆ ಒಂದು ಆ್ಯಪ್ ಇನ್ನೊಂದರಿಂದ ಮಾಹಿತಿ ಕೇಳುವ ದಾರಿ) ಗ್ರಾಹಕರು ಮೆಸೇಜ್ ಕಳಿಸಿದಾಗ ಅವರ ಪ್ರೊಫೈಲ್ ಹೆಸರು ಬರುತ್ತದೆ, ಚಿತ್ರ ಬರುವುದಿಲ್ಲ. ವಾಟ್ಸಾಪ್ ವೆಬ್ ತೆರೆದಂತೆ ನಟಿಸಿ ಚಿತ್ರ ಎಳೆದು ತರುವ ಅನಧಿಕೃತ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸಿಗುತ್ತವೆ. ಅವುಗಳ ಹತ್ತಿರ ಹೋಗಬೇಡಿ. ಅದು ಅವರ ನಿಯಮಕ್ಕೆ ವಿರುದ್ಧ, ನೀವು ಬಳಸಿದ ನಂಬರ್ ಬ್ಲಾಕ್ ಆಗಬಹುದು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ: ತನ್ನ ಡಿಪಿಯನ್ನು ಪರಿಚಯದವರು ಮಾತ್ರ ನೋಡಲಿ ಎಂದು ಒಬ್ಬರು ಸೆಟ್ಟಿಂಗ್ ಮಾಡಿಟ್ಟಿರುವಾಗ ಅದನ್ನು ಹಿಂಬಾಗಿಲಿನಿಂದ ತಂದು ಊರಿಗೆಲ್ಲ ತೋರಿಸುವುದು ತಪ್ಪು.

ಗೂಗಲ್

ಆಂಡ್ರಾಯ್ಡ್ ಫೋನೇ ಹೆಚ್ಚಿರುವ ನಮ್ಮ ಕಡೆ ಇದು ಎಲ್ಲಕ್ಕಿಂತ ಕಡಿಮೆ ತಕರಾರಿನ ದಾರಿ. ಗೂಗಲ್ ಖಾತೆಯಿಂದ ಲಾಗಿನ್ ಮಾಡಿಸಿದರೆ ಹೆಸರು ಮತ್ತು ಇಮೇಲ್ ಜೊತೆಗೆ ಚಿತ್ರದ ವಿಳಾಸವೂ ಬರುತ್ತದೆ. ಬೇರೆ ಅನುಮತಿ ಕೇಳಬೇಕಿಲ್ಲ, ಚಿತ್ರ ಇಳಿಸಲು ಟೋಕನ್ (ಲಾಗಿನ್ ಆದದ್ದಕ್ಕೆ ತಾಣ ಕೊಡುವ ಗುರುತಿನ ಚೀಟಿ) ಬೇಕಿಲ್ಲ. ಹಳೆಯ ಗೂಗಲ್ ಸೈನ್-ಇನ್ ಲೈಬ್ರರಿಯನ್ನು ಈಗ ಕೈಬಿಡಲಾಗಿದೆ; ಹೊಸದಾಗಿ ಶುರು ಮಾಡುವವರು ಆಂಡ್ರಾಯ್ಡ್‌ನಲ್ಲಿ ಲಾಗಿನ್ ನೋಡಿಕೊಳ್ಳುವ ಕ್ರೆಡೆನ್ಶಿಯಲ್ ಮ್ಯಾನೇಜರ್ ಹಿಡಿಯಿರಿ. ಅದು ಕೊಡುವ ಗೂಗಲ್ ಐಡಿ ಟೋಕನ್‌ನಲ್ಲಿಯೇ ಪ್ರೊಫೈಲ್ ಚಿತ್ರದ ವಿಳಾಸ ಇರುತ್ತದೆ. ಪ್ರತಿ ಸಲ ಇದ್ದೇ ಇರುತ್ತದೆ ಎಂಬ ಭರವಸೆ ಇಲ್ಲ, ಆದ್ದರಿಂದ ಖಾಲಿ ಬಂದಾಗ ಆ್ಯಪ್ ಬೀಳದಂತೆ ನೋಡಿಕೊಳ್ಳಿ.

ಅಳತೆಯ ವಿಷಯ ಹೇಳಲೇಬೇಕು. ಆ ವಿಳಾಸದ ಬಾಲದಲ್ಲಿ ಸಾಮಾನ್ಯವಾಗಿ 'ಎಸ್96-ಸಿ' ಎಂದಿರುತ್ತದೆ, ಅಂದರೆ 96 ಪಿಕ್ಸೆಲ್‌ನ ಚೌಕ. ಪಟ್ಟಿಯಲ್ಲಿ 48 ಡಿಪಿ ಅಳತೆಯ ವೃತ್ತ ಇಟ್ಟರೆ (ಈ ಡಿಪಿ ಆಂಡ್ರಾಯ್ಡ್‌ನ ಅಳತೆಯ ಮಾನ, ಫೋಟೋ ಅಲ್ಲ) ಕಡಿಮೆ ಬೆಲೆಯ 720 ಪಿಕ್ಸೆಲ್ ಪರದೆಗಳಲ್ಲಿ ಅದು ಎರಡು ಪಟ್ಟು, ಅಂದರೆ ಸರಿಯಾಗಿ 96 ಪಿಕ್ಸೆಲ್. ಮೂರು ಪಟ್ಟಿನ ಪರದೆಯಲ್ಲಿ 144 ಬೇಕಾಗುತ್ತದೆ. 96ರದ್ದನ್ನೇ ಹಿಗ್ಗಿಸಿದರೆ ಮುಖ ಮಸುಕಾಗುತ್ತದೆ. ಬಾಲದ ಅಂಕಿಯನ್ನು 192 ಅಥವಾ 400 ಮಾಡಿದರೆ ದೊಡ್ಡ ಚಿತ್ರ ಬರುತ್ತದೆ. ಇದು ರೂಢಿಯಿಂದ ಬಂದ ಉಪಾಯ, ಹಾಗಾಗಿ ಬದಲಾಯಿಸಿದ ವಿಳಾಸ ಕೆಲಸ ಮಾಡದಿದ್ದರೆ ಮೂಲ ವಿಳಾಸಕ್ಕೆ ಮರಳುವ ಒಂದು ಸಾಲು ಬರೆದಿಡಿ. ಐಫೋನ್‌ನ ಗೂಗಲ್ ಎಸ್‌ಡಿಕೆಯಲ್ಲಿ (ಆ್ಯಪ್ ಕಟ್ಟುವವರಿಗೆ ಗೂಗಲ್ ಕೊಡುವ ಸಿದ್ಧ ಕೋಡ್) ಎಷ್ಟು ಅಳತೆ ಬೇಕೆಂದು ನೇರವಾಗಿಯೇ ಕೇಳಬಹುದು.

ಗೂಗಲ್‌ನ ಕೊರತೆ ಒಂದೇ, ಆದರೆ ನಮ್ಮಲ್ಲಿ ಅದು ಎದ್ದು ಕಾಣುತ್ತದೆ. ಹಳ್ಳಿಯಲ್ಲಿ ಎಷ್ಟೋ ಜನರ ಜಿಮೇಲ್ ಮಾಡಿಕೊಟ್ಟವನು ಮೊಬೈಲ್ ಅಂಗಡಿಯ ಹುಡುಗ. ಆ ಖಾತೆಗೆ ಫೋಟೋ ಹಾಕಿಯೇ ಇರುವುದಿಲ್ಲ. ಆಗ ಗೂಗಲ್ ಬಣ್ಣದ ಹಿನ್ನೆಲೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಬರೆದು ಕಳಿಸುತ್ತದೆ, ನಿಮ್ಮ ಆ್ಯಪ್ ಅದನ್ನೇ ಫೋಟೋ ಎಂದು ನಂಬುತ್ತದೆ. ಟೋಕನ್‌ನಲ್ಲಿ ಇದನ್ನು ತಿಳಿಯುವ ಗುರುತಿಲ್ಲ. ಪೀಪಲ್ ಎಪಿಐ ಮೂಲಕ ಕೇಳಿದರೆ ಮಾತ್ರ, ಚಿತ್ರ 'ಡಿಫಾಲ್ಟ್' ಹೌದೋ ಅಲ್ಲವೋ ಎಂದು ಅದು ಹೇಳುತ್ತದೆ. ಕನ್ನಡ ಆ್ಯಪ್‌ನ ಪಟ್ಟಿಯಲ್ಲಿ ನಡುನಡುವೆ ಇಂಗ್ಲಿಷ್ ಅಕ್ಷರದ ವೃತ್ತಗಳು ಚೆನ್ನಾಗಿ ಕಾಣುವುದಿಲ್ಲವಾದ್ದರಿಂದ ನಾನು ಪೀಪಲ್ ಎಪಿಐಗೆ ಆ ಒಂದು ಹೆಚ್ಚಿನ ಕೋರಿಕೆಯನ್ನು ಕಳಿಸುತ್ತೇನೆ.

ಫೇಸ್‌ಬುಕ್

ಮುಖ ಸಿಗುವ ಸಾಧ್ಯತೆ ಗೂಗಲ್‌ಗಿಂತ ಇಲ್ಲಿ ಹೆಚ್ಚು, ಕೆಲಸವೂ ಹೆಚ್ಚು. ಫೇಸ್‌ಬುಕ್‌ನ ಗ್ರಾಫ್ ಎಪಿಐನಲ್ಲಿ ಬಳಕೆದಾರರ ಐಡಿ ಆದ ಮೇಲೆ 'ಪಿಕ್ಚರ್' ಎಂದು ಸೇರಿಸಿದರೆ ಚಿತ್ರ ಬರುತ್ತದೆ. ಉದ್ದ, ಅಗಲ ನೀವೇ ಕೇಳಬಹುದು. 'ಪಬ್ಲಿಕ್ ಪ್ರೊಫೈಲ್' ಅನುಮತಿ ಸಾಕು, ಅದು ಲಾಗಿನ್ ಜೊತೆಗೇ ಬರುತ್ತದೆ.

ಹಳೆಯ ಪಾಠಗಳನ್ನು ನೋಡಿ ಕೋಡ್ ನಕಲು ಮಾಡುವವರು ಎಡವುವ ಜಾಗಗಳು ಹಲವು. ಮೊದಲನೆಯದು ಟೋಕನ್. ಒಂದು ಕಾಲಕ್ಕೆ ಐಡಿ ಗೊತ್ತಿದ್ದರೆ ಯಾರು ಬೇಕಾದರೂ ಚಿತ್ರ ತರಬಹುದಿತ್ತು. 2020ರ ಅಕ್ಟೋಬರ್‌ನಿಂದ ಐಡಿ ಕೊಟ್ಟು ಚಿತ್ರ ಕೇಳಬೇಕಾದರೆ ಆ್ಯಕ್ಸೆಸ್ ಟೋಕನ್ ಬೇಕು. ಎರಡನೆಯದು ಐಡಿ. 2014ರಲ್ಲಿ ಬಂದ ಗ್ರಾಫ್ ಎಪಿಐ 2.0ಯಿಂದ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಐಡಿ. ನಿಮ್ಮ ಆ್ಯಪ್‌ಗೆ ಸಿಕ್ಕ ಐಡಿ ಇನ್ನೊಂದು ಆ್ಯಪ್‌ಗೆ ಉಪಯೋಗವಿಲ್ಲ. ಅದೇ ಬದಲಾವಣೆಯಿಂದ, ಗೆಳೆಯರ ಪಟ್ಟಿ ಕೇಳಿದರೆ ಅದೇ ಆ್ಯಪ್ ಬಳಸುವ ಗೆಳೆಯರು ಮಾತ್ರ ಬರುತ್ತಾರೆ. ಮೂರನೆಯದು, ಆ ವಿಳಾಸ ಚಿತ್ರವನ್ನೇ ಕೊಡುವುದಿಲ್ಲ. ಚಿತ್ರ ಇರುವ ಬೇರೆ ವಿಳಾಸಕ್ಕೆ ಕಳಿಸುತ್ತದೆ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ (ಬರಿ ವಿಳಾಸದಿಂದ ಸುರಕ್ಷಿತ ವಿಳಾಸಕ್ಕೆ) ಹೀಗೆ ದಾಟಿಸಿದಾಗ ಜಾವಾದ ಹಳೆಯ ಎಚ್‌ಟಿಟಿಪಿ ಸಂಪರ್ಕ ಹಿಂಬಾಲಿಸುವುದಿಲ್ಲ, ಪರದೆಯಲ್ಲಿ ಏನೂ ಬರುವುದಿಲ್ಲ. ಆಂಡ್ರಾಯ್ಡ್ 9ರಿಂದ ಬರಿ ಎಚ್‌ಟಿಟಿಪಿಯನ್ನು ಮೊದಲೇ ತಡೆದಿರುತ್ತಾರೆ. ಶುರುವಿನಿಂದಲೇ ಎಚ್‌ಟಿಟಿಪಿಎಸ್ ಬರೆಯಿರಿ.

ನನಗೆ ಇಷ್ಟವಾದ ಅಂಶ ಬೇರೆ. 'ರಿಡೈರೆಕ್ಟ್ ಬೇಡ' ಎಂದು ಕೇಳಿದರೆ ಫೇಸ್‌ಬುಕ್ ಚಿತ್ರದ ಬದಲು ಜೇಸನ್ (ಕೋಡ್ ಓದಿಕೊಳ್ಳುವ ಪಠ್ಯ ರೂಪದ ಮಾಹಿತಿ) ಕೊಡುತ್ತದೆ. ಅದರಲ್ಲಿ ಚಿತ್ರದ ನಿಜವಾದ ವಿಳಾಸ ಮತ್ತು ಅಳತೆ ಇರುತ್ತವೆ, ಜೊತೆಗೆ 'ಸಿಲೂಯೆಟ್' ಹೌದೋ ಅಲ್ಲವೋ ಎಂಬ ಸೂಚನೆ ಇರುತ್ತದೆ. ಹೌದು ಎಂದರೆ ಆ ಮನುಷ್ಯ ಫೋಟೋ ಹಾಕಿಲ್ಲ, ಬರುವುದು ಬೂದು ನೆರಳು. ಗೂಗಲ್ ಬೇರೆ ಕೋರಿಕೆಯಲ್ಲಿ ಹೇಳುವುದನ್ನು ಇದು ಒಂದೇ ಉತ್ತರದಲ್ಲಿ ಹೇಳುತ್ತದೆ. ಈ ಕೆಲಸವನ್ನು ನಿಮ್ಮ ಸರ್ವರ್‌ನಲ್ಲಿ ಮಾಡಿಸಿ. ಟೋಕನ್ ಅಂಟಿಸಿದ ವಿಳಾಸವನ್ನು ಫೋನ್‌ನ ಇಮೇಜ್ ಲೈಬ್ರರಿಗೆ ಕೊಟ್ಟರೆ ಆ ಟೋಕನ್ ಕ್ಯಾಶ್‌ನಲ್ಲಿಯೂ (ತಾತ್ಕಾಲಿಕ ಸಂಗ್ರಹ) ಲಾಗ್‌ನಲ್ಲಿಯೂ (ಕೆಲಸದ ದಾಖಲೆ) ಉಳಿದುಬಿಡುತ್ತದೆ. ಆ್ಯಪ್ ಸೀಕ್ರೆಟ್ ಅನ್ನು (ನಿಮ್ಮ ಆ್ಯಪ್‌ನ ಗುಪ್ತಪದ) ಎಪಿಕೆ, ಅಂದರೆ ಫೋನ್‌ಗೆ ಹೋಗುವ ಆ್ಯಪ್‌ನ ಫೈಲ್ ಒಳಗೆ ಎಂದಿಗೂ ಇಡಬೇಡಿ. ಎಪಿಕೆ ಬಿಚ್ಚಿ ಓದುವುದು ಕಷ್ಟವಲ್ಲ.

ಫೇಸ್‌ಬುಕ್ ಲಾಗಿನ್ ನಿಮ್ಮ ಆ್ಯಪ್‌ನಲ್ಲಿ ಈಗಾಗಲೇ ಇದ್ದರೆ ಡಿಪಿಯನ್ನೂ ಅಲ್ಲಿಂದಲೇ ತನ್ನಿ. ಬರೀ ಡಿಪಿಗಾಗಿ ಆ ಲಾಗಿನ್ ಸೇರಿಸುವುದು ನನ್ನ ಮಟ್ಟಿಗೆ ಲೆಕ್ಕಕ್ಕೆ ಬರುವುದಿಲ್ಲ.

ಉಳಿದವು

ಇನ್‌ಸ್ಟಾಗ್ರಾಂ ಬಗ್ಗೆ ಕಾಲೇಜು ಹುಡುಗರು ಕೇಳುತ್ತಾರೆ. ಸಾಮಾನ್ಯ ಖಾತೆಗಳಿಗಾಗಿ ಇದ್ದ ಬೇಸಿಕ್ ಡಿಸ್ಪ್ಲೇ ಎಪಿಐ 2024ರ ಡಿಸೆಂಬರ್ 4ರಂದು ನಿಂತಿತು. ಇದ್ದಾಗಲೂ ಅದು ಪ್ರೊಫೈಲ್ ಚಿತ್ರ ಕೊಡುತ್ತಿರಲಿಲ್ಲ. ಈಗ ಸಿಗುವುದು ವ್ಯಾಪಾರಿ ಮತ್ತು ಕ್ರಿಯೇಟರ್ ಖಾತೆಗಳ ಚಿತ್ರ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳು ಅಥವಾ ಕಿನ್ನಾಳದ ಗೊಂಬೆ ಮಾಡುವವರು ತಮ್ಮ ಅಂಗಡಿಯ ಪುಟ ತೋರಿಸಿಕೊಳ್ಳುವ ಆ್ಯಪ್ ಆದರೆ ಇದು ಚೆನ್ನಾಗಿ ಒದಗುತ್ತದೆ.

ಎಕ್ಸ್‌ನಲ್ಲಿ (ಹಿಂದಿನ ಟ್ವಿಟ್ಟರ್) ಬರುವ ವಿಳಾಸ 48 ಪಿಕ್ಸೆಲ್‌ನದ್ದು. ಬಾಲದ 'ನಾರ್ಮಲ್' ಪದವನ್ನು '400x400' ಮಾಡಿದರೆ ದೊಡ್ಡದು ಸಿಗುತ್ತದೆ. ಆದರೆ 2023ರಲ್ಲಿ ಅವರು ಎಪಿಐಗೆ ದುಡ್ಡು ಇಟ್ಟ ಮೇಲೆ ಡಿಪಿಗಾಗಿ ಅಲ್ಲಿಗೆ ಹೋಗಲು ಕಾರಣ ಕಾಣುವುದಿಲ್ಲ. ಲಿಂಕ್ಡ್‌ಇನ್ ಓಪನ್‌ಐಡಿ ಲಾಗಿನ್‌ನಲ್ಲಿ ಚಿತ್ರ ಕೊಡುತ್ತದೆ, ಮುಖವೂ ಸಾಮಾನ್ಯವಾಗಿ ನಿಜವಾದದ್ದೇ ಇರುತ್ತದೆ. ಬಳ್ಳಾರಿ, ರಾಯಚೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೆಲಸ ಹುಡುಕಿಕೊಡುವ ಆ್ಯಪ್ ಮಾಡುವವರು ಇದನ್ನೇ ಮೊದಲು ನೋಡಲಿ. ಟೆಲಿಗ್ರಾಂ ಬಾಟ್ ಮೂಲಕ ಚಿತ್ರ ಸಿಗುತ್ತದೆ, ಆದರೆ ಇಳಿಸುವ ವಿಳಾಸಕ್ಕೆ ಕನಿಷ್ಠ 1 ಗಂಟೆಯ ಖಾತ್ರಿ ಮಾತ್ರ, ಮತ್ತು ಆ ವಿಳಾಸದೊಳಗೇ ಬಾಟ್‌ನ ಟೋಕನ್ ಇರುತ್ತದೆ. ಅದನ್ನು ಫೋನ್‌ಗೆ ಕಳಿಸಿದರೆ ಬಾಟ್‌ನ ಬೀಗದ ಕೈಯನ್ನೇ ಕಳಿಸಿದಂತೆ.

ಇಮೇಲ್‌ಗೆ ಒಂದು ಚಿತ್ರ ಜೋಡಿಸಿಡುವ ಸೇವೆ ಗ್ರಾವಟಾರ್ 2004ರಿಂದ ಇದೆ. ಇಮೇಲ್ ಅನ್ನು ಸಣ್ಣಕ್ಷರ ಮಾಡಿ ಹ್ಯಾಶ್ (ಇಮೇಲ್‌ನಿಂದ ಲೆಕ್ಕ ಹಾಕಿದ ಗುರುತಿನ ಸಂಕೇತ) ತೆಗೆದು ಕೇಳಿದರೆ 1ರಿಂದ 2048 ಪಿಕ್ಸೆಲ್‌ವರೆಗೆ ಯಾವ ಅಳತೆಯಲ್ಲಾದರೂ ಚಿತ್ರ ಕೊಡುತ್ತದೆ. ಲಾಗಿನ್ ಬೇಡ, ಟೋಕನ್ ಬೇಡ. ವರ್ಡ್‌ಪ್ರೆಸ್‌ನಲ್ಲಿ ಬರೆಯುವವರಿಗೆ ಇದು ಗೊತ್ತು. ಗದ್ದೆ ಬಯಲಿನವರಿಗೆ ಗೊತ್ತಿಲ್ಲ.

ಆ್ಯಪಲ್ ಲಾಗಿನ್ ಚಿತ್ರ ಕೊಡುವುದೇ ಇಲ್ಲ. ಹೆಸರು, ಇಮೇಲ್ ಅಷ್ಟೇ. ಹೆಸರೂ ಮೊದಲ ಸಲ ಮಾತ್ರ. ಐಫೋನ್ ಆವೃತ್ತಿ ಮಾಡುವವರು ಲಾಗಿನ್ ಆದವರಿಗೆಲ್ಲ ಡಿಪಿ ಇರುತ್ತದೆ ಎಂಬ ಲೆಕ್ಕದಲ್ಲಿ ಪರದೆ ರಚಿಸಬೇಡಿ.

ಅವರೇ ಹಾಕುವ ಫೋಟೋ

ಮೊದಲು ನಾನು ಇದಕ್ಕೆ ಹಿಂಜರಿದಿದ್ದೆ, ಅನುಮತಿ ಕೇಳಿದರೆ ಜನ ಹೆದರಿ ಆ್ಯಪ್ ತೆಗೆದುಹಾಕುತ್ತಾರೆ ಎಂದು. ಈಗ ಆ ಭಯ ಬೇಕಿಲ್ಲ. ಆಂಡ್ರಾಯ್ಡ್ 13ರ ಜೊತೆ ಬಂದ ಫೋಟೋ ಪಿಕ್ಕರ್‌ಗೆ ಯಾವ ಅನುಮತಿಯೂ ಬೇಡ. ಬಳಕೆದಾರರು ಆರಿಸಿದ ಆ ಒಂದು ಚಿತ್ರ ಮಾತ್ರ ಆ್ಯಪ್‌ಗೆ ಕಾಣುತ್ತದೆ, ಗ್ಯಾಲರಿಯ ಉಳಿದದ್ದು ಕಾಣುವುದಿಲ್ಲ. ಹಳೆಯ ಫೋನ್‌ಗಳಿಗೂ ಗೂಗಲ್‌ನ ಆಂಡ್ರಾಯ್ಡ್‌ಎಕ್ಸ್ ಲೈಬ್ರರಿಗಳ ಮೂಲಕ ಇದು ಸಿಗುತ್ತದೆ. ಅಲ್ಲಿಯೂ ಇಲ್ಲವಾದರೆ ಫೈಲ್ ಆರಿಸುವ ಹಳೆಯ ಪರದೆ ತಾನಾಗಿ ತೆರೆದುಕೊಳ್ಳುತ್ತದೆ. ಐಫೋನ್‌ನಲ್ಲಿ ಇಂಥದ್ದೇ ಪಿಕ್ಕರ್ ಐಓಎಸ್ 14ರಿಂದ ಇದೆ.

ಎರಡು ಕೆಲಸ ಮರೆಯಬೇಡಿ. ಕ್ಯಾಮೆರಾದ ಫೋಟೋ ಹಲವು ಎಂಬಿ ಇರುತ್ತದೆ. ಫೋನ್‌ನಲ್ಲಿಯೇ 512 ಪಿಕ್ಸೆಲ್‌ಗೆ ಇಳಿಸಿ ಆಮೇಲೆ ಕಳಿಸಿ. ಗದ್ದೆ ಬದುವಿನ ಮೇಲೆ ಸಿಗ್ನಲ್ ಒಂದು ಕಡ್ಡಿ ಇರುವಾಗ ಇದರ ಬೆಲೆ ತಿಳಿಯುತ್ತದೆ. ಇನ್ನೊಂದು, ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಚಿತ್ರದ ಫೈಲ್‌ನೊಳಗೇ ಕೂತಿರಬಹುದು. ಮನೆಯ ಅಂಗಳದಲ್ಲಿ ತೆಗೆದ ಫೋಟೋದಿಂದ ಮನೆಯ ದಾರಿ ಹೊರಗೆ ಹೋಗಬಾರದು. ಎಕ್ಸಿಫ್, ಅಂದರೆ ಕ್ಯಾಮೆರಾ ಫೈಲ್‌ನೊಳಗೆ ಬರೆದಿಡುವ ಮಾಹಿತಿಯಲ್ಲಿರುವ ತಿರುವನ್ನು (ಫೋಟೋ ಅಡ್ಡವೋ ನೆಟ್ಟಗೋ ಎಂಬುದನ್ನು) ಚಿತ್ರಕ್ಕೆ ಅನ್ವಯಿಸಿ, ಹೊಸದಾಗಿ ಜೆಪೆಗ್ ಮಾಡಿ, ಉಳಿದ ಮಾಹಿತಿಯನ್ನೆಲ್ಲ ಬಿಟ್ಟುಬಿಡಿ.

ಅಕ್ಷರದ ಡಿಪಿ, ಕನ್ನಡದಲ್ಲಿ

ಫೋಟೋ ಇಲ್ಲದವರಿಗೆ ಹೆಸರಿನ ಮೊದಲ ಅಕ್ಷರ ತೋರಿಸುವುದು ವಾಡಿಕೆ. ಇಂಗ್ಲಿಷ್‌ಗೆ ಬರೆದ ಕೋಡ್ ಕನ್ನಡಕ್ಕೆ ಹಾಕಿದರೆ ಹೆಸರು ಕೆಡುತ್ತದೆ. ಆಂಡ್ರಾಯ್ಡ್ ಆ್ಯಪ್ ಬರೆಯುವ ಕೋಟ್ಲಿನ್ ಭಾಷೆಯಲ್ಲಿ 'ಹುಲಿಗೆಮ್ಮ'ನ ಮೊದಲ ಸಂಕೇತ ಕೇಳಿದರೆ 'ಹ' ಬರುತ್ತದೆ, 'ಶ್ರೀದೇವಿ' ಬರೀ 'ಶ' ಆಗುತ್ತಾಳೆ, 'ವಿರುಪಾಕ್ಷಪ್ಪ' 'ವ' ಆಗುತ್ತಾರೆ. ಅಕ್ಷರಗಳನ್ನು ಗುಂಪು ಮಾಡಿ ಕೊಡುವ ಲೈಬ್ರರಿಗಳಲ್ಲೂ ಕನ್ನಡದ ಒತ್ತಕ್ಷರ ಎರಡಾಗಿ ಒಡೆದು 'ಶ್' ಎಂದು ಅರ್ಧಕ್ಕೆ ನಿಂತದ್ದನ್ನು ನೋಡಿದ್ದೇನೆ. ನಾಲ್ಕು ಸಾಲಿನಲ್ಲಿ ನೀವೇ ಬರೆದುಕೊಳ್ಳಬಹುದು: ಮೊದಲ ಸಂಕೇತ ತೆಗೆದುಕೊಳ್ಳಿ; ಮುಂದಿನದು ವಿರಾಮ ಚಿಹ್ನೆಯಾಗಿದ್ದರೆ (ವ್ಯಂಜನವನ್ನು ಅರ್ಧಕ್ಕೆ ನಿಲ್ಲಿಸುವ '್') ಅದನ್ನೂ ಅದರ ಮುಂದಿನ ವ್ಯಂಜನವನ್ನೂ ಸೇರಿಸಿ, ವಿರಾಮ ಸಿಕ್ಕಷ್ಟು ಸಲವೂ ಹೀಗೇ ಮಾಡಿ; ಕೊನೆಗೆ ಸ್ವರಚಿಹ್ನೆ, ಅನುಸ್ವಾರ ಇರುವಷ್ಟನ್ನೂ ಸೇರಿಸಿ. 'ೀ', 'ೋ' ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು ಸಂಕೇತಗಳಾಗಿ ಬರುತ್ತವಾದ್ದರಿಂದ ಒಂದೇ ಚಿಹ್ನೆಗೆ ನಿಲ್ಲಿಸಬೇಡಿ. ವೃತ್ತದೊಳಗೆ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗದಂತೆ ಅಕ್ಷರದ ಗಾತ್ರ ಇಂಗ್ಲಿಷ್‌ಗಿಂತ ಸಣ್ಣದಿರಲಿ.

ನಮ್ಮ ಕಡೆಯ ಹೆಸರುಗಳಿಗೆ ಇನ್ನೊಂದು ತೊಡಕಿದೆ. ಶರಣಪ್ಪ, ಶರಣಬಸವ, ಶರಣಮ್ಮ. ಬಸವರಾಜ, ಬಸಪ್ಪ, ಬಸಮ್ಮ. ಒಂದೇ ಪರದೆಯಲ್ಲಿ ಐದು 'ಶ' ಸಾಲಾಗಿ ನಿಲ್ಲುತ್ತವೆ. ಬಣ್ಣವನ್ನು ಹೆಸರಿನಿಂದ ಲೆಕ್ಕ ಹಾಕದೆ ಬಳಕೆದಾರರ ಐಡಿಯಿಂದ ಲೆಕ್ಕ ಹಾಕಿ, ಹೆಸರಿನ ಕೆಳಗೆ ಊರಿನ ಹೆಸರು ಹಾಕಿ. ಇಲ್ಲಿ ಮನುಷ್ಯರನ್ನು ಗುರುತಿಸುವುದೇ ಹಾಗೆ: ಶ್ರೀರಾಮನಗರದ ಬಸಪ್ಪ, ಕನಕಗಿರಿ ಬಸಪ್ಪ.

ಕೊಂಡಿ ಇಡಬೇಕೋ, ನಕಲು ಇಡಬೇಕೋ

ಜಾಲತಾಣದಿಂದ ಬಂದ ವಿಳಾಸವನ್ನು ಹಾಗೇ ಡೇಟಾಬೇಸ್‌ನಲ್ಲಿ ಬರೆದಿಟ್ಟುಕೊಳ್ಳುವುದು ಎಲ್ಲರೂ ಮಾಡುವ ಮೊದಲ ಕೆಲಸ. ಹಲವು ತಾಣಗಳ ವಿಳಾಸಕ್ಕೆ ಅವಧಿ ಇರುತ್ತದೆ. ಫೇಸ್‌ಬುಕ್, ಲಿಂಕ್ಡ್‌ಇನ್ ಎರಡರದೂ ಹಾಗೇ. ನನ್ನ ಆ್ಯಪ್‌ನಲ್ಲಿ ಹಿಂಗಾರಿಗೆ ಕೂಡಿಸಿದ ಕೊಂಡಿಗಳು ಬೇಸಿಗೆ ಕೊಯ್ಲಿಗೆ ಸತ್ತಿದ್ದವು. ಏಪ್ರಿಲ್‌ನ ಒಂದು ಬೆಳಿಗ್ಗೆ ಫೋನ್ ಮೇಲೆ ಫೋನ್ ಬಂತು: "ಅಣ್ಣಾ, ನನ್ನ ಫೋಟೋನೇ ಬರವಲ್ದು." ಮುಖ ಇಲ್ಲದವರನ್ನು ರೈತರು ಕರೆಯುತ್ತಿರಲಿಲ್ಲ. ಕೆಲವರಿಗೆ ಎರಡು ದಿನದ ಬಾಡಿಗೆ ಹೋಯಿತು, ಆ ನಷ್ಟ ನನ್ನಿಂದ ಆದದ್ದು.

ಅಂದಿನಿಂದ ಪದ್ಧತಿ ಬದಲಾಯಿತು. ಲಾಗಿನ್ ಆದಾಗ ಸರ್ವರ್ ಚಿತ್ರವನ್ನು ಇಳಿಸಿಕೊಂಡು, ಎರಡು ಅಳತೆಯಲ್ಲಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮುಂದಿನ ಲಾಗಿನ್‌ನಲ್ಲಿ ಹೊಸದಿದ್ದರೆ ಬದಲಾಯಿಸುತ್ತದೆ. ಫೋನ್‌ಗಳು ನಮ್ಮ ವಿಳಾಸವನ್ನು ಮಾತ್ರ ನೋಡುತ್ತವೆ. ಹೀಗೆ ನಕಲು ಇಡುವವರು ಆಯಾ ತಾಣದ ನಿಯಮ ಓದಿಕೊಂಡು, ಖಾತೆ ಅಳಿಸಿದ ದಿನವೇ ಚಿತ್ರವನ್ನೂ ಅಳಿಸಬೇಕು. ಖಾತೆ ತೆರೆಸುವ ಆ್ಯಪ್‌ಗಳಲ್ಲಿ ಅಳಿಸುವ ದಾರಿ ಇರಲೇಬೇಕೆಂದು ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಎರಡೂ ಕೇಳುತ್ತವೆ.

ಚಿತ್ರ ತೋರಿಸುವ ಲೈಬ್ರರಿಯ ಆಯ್ಕೆ ದೊಡ್ಡ ವಿಷಯವಲ್ಲ. ಆಂಡ್ರಾಯ್ಡ್ ಪರದೆ ಬರೆಯುವ ಹೊಸ ರೀತಿಯಾದ ಕಂಪೋಸ್‌ನಲ್ಲಿ ಬರೆಯುವವರಿಗೆ ಕಾಯಿಲ್, ಹಳೆಯ ವ್ಯೂಗಳಲ್ಲಿ ಇರುವವರಿಗೆ ಗ್ಲೈಡ್, ಫ್ಲಟರ್‌ನಲ್ಲಿ ಕ್ಯಾಶ್ಡ್ ನೆಟ್‌ವರ್ಕ್ ಇಮೇಜ್, ಸ್ವಿಫ್ಟ್‌ನಲ್ಲಿ ಕಿಂಗ್‌ಫಿಶರ್. ಇವು ಯಾವುದೂ ಬೇಡ, ನಾನೇ ಇಳಿಸಿ ತೋರಿಸುತ್ತೇನೆ ಅನ್ನುವವರಿಗೆ ಮಾತ್ರ ಒಂದು ಎಚ್ಚರಿಕೆ. ಪಟ್ಟಿ ಮೇಲೆ ಸರಿದಾಗ ಆಂಡ್ರಾಯ್ಡ್ ಹಳೆಯ ಸಾಲನ್ನೇ ಹೊಸ ಹೆಸರಿಗೆ ಮರುಬಳಸುತ್ತದೆ. ಮೊದಲ ಹೆಸರಿಗಾಗಿ ಹೊರಟ ಚಿತ್ರ ನಿಧಾನವಾಗಿ ಬಂದು ಎರಡನೆಯವನ ಸಾಲಿನಲ್ಲಿ ಕೂರುತ್ತದೆ. ಒಬ್ಬನ ಹೆಸರಿಗೆ ಇನ್ನೊಬ್ಬನ ಮುಖ. ಹರಟೆಯಲ್ಲಿ ಇದು ಸಣ್ಣ ತಪ್ಪು. ಮುಂಗಡ ಕೈಬದಲಾಗುವ ಕಡೆ ಜಗಳಕ್ಕೆ ದಾರಿ. ಮೇಲಿನ ಲೈಬ್ರರಿಗಳು ಹಳೆಯ ಕೋರಿಕೆಯನ್ನು ರದ್ದು ಮಾಡಿ ಇದನ್ನು ತಡೆಯುತ್ತವೆ.

ಕೇಳದೆ ತರಬೇಡಿ

ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳ ಗುಂಪುಗಳನ್ನೂ ಆ್ಯಪ್‌ಗೆ ಸೇರಿಸಿದಾಗ ಒಬ್ಬ ಮುಖ್ಯಸ್ಥೆ ಹೇಳಿದರು: "ನನ್ನ ಫೋಟೋ ಹಾಕಬ್ಯಾಡ ತಮ್ಮಾ. ಊರ ಹೆಸರು ಹಾಕು, ಅಷ್ಟ ಸಾಕು." ಅಷ್ಟು ಹೊತ್ತಿಗೆ ಗೂಗಲ್ ಖಾತೆಯಿಂದ ಅವರ ಫೋಟೋ ಪಟ್ಟಿಗೆ ಬಂದಾಗಿತ್ತು. ಅವರು ಲಾಗಿನ್ ಆಗಲು ಒಪ್ಪಿದ್ದರು, ಮುಖ ತೋರಿಸಲು ಒಪ್ಪಿರಲಿಲ್ಲ. ಎರಡೂ ಒಂದೇ ಎಂದು ನನ್ನ ಕೋಡ್ ತಿಳಿದಿತ್ತು. ಈಗ ಜಾಲತಾಣದ ಚಿತ್ರ ಬಂದರೆ ಅದನ್ನು ಅವರಿಗೊಬ್ಬರಿಗೇ ತೋರಿಸಿ, 'ಇದನ್ನು ಎಲ್ಲರಿಗೂ ತೋರಿಸಲೇ?' ಎಂದು ಕನ್ನಡದಲ್ಲಿ ಕೇಳುತ್ತೇವೆ. 'ಬೇಡ' ಗುಂಡಿ 'ಬೇಕು' ಗುಂಡಿಯಷ್ಟೇ ದೊಡ್ಡದು. ಬೇಡ ಎಂದವರಿಗೆ ಅಕ್ಷರದ ವೃತ್ತ.

ಶಾಲೆ, ಕೋಚಿಂಗ್‌ಗಾಗಿ ಆ್ಯಪ್ ಮಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ; ಅವರ ಮಾಹಿತಿ ಬಳಸಲು ತಂದೆತಾಯಿಯ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅಂಥ ಆ್ಯಪ್‌ನಲ್ಲಿ ನಾನಾದರೆ ಜಾಲತಾಣದ ಡಿಪಿ ತರುವ ಕೋಡನ್ನೇ ಬರೆಯುವುದಿಲ್ಲ. ಮಕ್ಕಳಿಗೆ ಆರಿಸಿಕೊಳ್ಳಲು ಇಪ್ಪತ್ತು ಚಿತ್ರ ಬರೆಸಿ ಇಡುತ್ತೇನೆ: ಕಿನ್ನಾಳದ ಗೊಂಬೆ, ಹಂಪಿಯ ಕಲ್ಲಿನ ರಥ, ದರೋಜಿಯ ಕರಡಿ, ತುಂಗಭದ್ರೆಯ ಹರಿಗೋಲು.